ಸ್ವಇಚ್ಛೆಯಿಂದ ಒಪ್ಪಿಸಿದ ಸೀರೆಗಳು

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು. ಆ ಮಾತನ್ನು ಬಹಳ ವರ್ಷ ಜತನವಾಗಿ ಇಟ್ಟುಕೊಂಡಿದ್ದೆ. ಈಗ ಯಾರಾದರೂ ನನ್ನ ಕೈಬರಹದ ಸುದ್ದಿ ಎತ್ತಿದರೆ ಮೈ ಉರಿಯುತ್ತದೆ. ಮೊಳಕಾಲ್ಮುರಿನ ನಮ್ಮ ಬೀದಿಯ ಇಪ್ಪತ್ತೆರಡು ನೇಕಾರರ ಮನೆಗಳ ಮಜೂರಿಯನ್ನು ಮುಳುಗಿಸಿದ್ದು ಆ ಅಕ್ಷರವೇ. ಕಂಪನಿ ಮುಳುಗಿಸಿತು, ಬ್ಯಾಂಕು ಮುಳುಗಿಸಿತು ಎಂದು ಬೀದಿಯವರು ಇವತ್ತಿಗೂ ಹೇಳುತ್ತಾರೆ. ಅವರು ಒಳ್ಳೆಯ ಜನ, ನನ್ನ ಮುಖ ನೋಡಿ ಹಾಗೆ ಹೇಳುತ್ತಾರೆ.

ತೊಂಬತ್ತರ ದಶಕದ ಮಾತು. ನಾನು ಆಗ ಚಳ್ಳಕೆರೆಯ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಕೊಂಡ್ಲಹಳ್ಳಿ ದಾಟಿ ಹೋಗುವುದು, ಸಂಜೆ ಮೈಗೆಲ್ಲ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಹತ್ತಿಸಿಕೊಂಡು ಬರುವುದು. ಮನೆಯಲ್ಲಿ ಅಪ್ಪ ಕುಣಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಲಾಳಿಗೆ ಹಾಕುವ ಎಳೆಯ ಕಂಡಿಕೆ ಸುತ್ತುತ್ತಿದ್ದಳು. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಇಡೀ ಬೀದಿಯೇ ಹಾಗಿತ್ತು.

ಮಗ್ಗ ನಮ್ಮದು, ರೇಷ್ಮೆ ನಮ್ಮದಲ್ಲ. ರೇಷ್ಮೆ, ಜರಿ ಎಲ್ಲ ಸಾಹುಕಾರರು ಕೊಡುವುದು, ನೇಯ್ದು ಕೊಟ್ಟು ಮಜೂರಿ ತರುವುದು ನಾವು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ರೇಷ್ಮೆ ಎಳೆ, ಹೂಡಿದರೆ ಮೂರು ಸೀರೆ ಬರುತ್ತಿತ್ತು. ಚಳ್ಳಕೆರೆಯಲ್ಲಿ ಎಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದ ನಾಲ್ಕೈದು ಜನ ಸೇರಿ ಒಂದು ಸೀರೆ ಕಂಪನಿ ಶುರು ಮಾಡಿದಾಗ, ಊರಿನ ಸಾಹುಕಾರರಿಗಿಂತ ಹೆಚ್ಚು ಮಜೂರಿ ಕೊಡುತ್ತೇವೆ ಎಂದರು. ಬೀದಿಯವರು ಅನುಮಾನಿಸಿದರು. ಅಪ್ಪ ಆಗ ಬೀದಿಯ ಹಿರಿಯ. ಅವನೇ ಮುಂದೆ ಬಿದ್ದು ಎಲ್ಲರಿಗೂ ಭರವಸೆ ಕೊಟ್ಟ. ಮೊದಲ ಎರಡು ವರ್ಷ ಕಂಪನಿ ಸರಿಯಾಗೇ ಕೊಟ್ಟಿತು. ಮೂರನೆಯ ವರ್ಷ, ಮುಂದಿನ ಸೀರೆ ತಂದಾಗ ಒಟ್ಟಿಗೆ ಕೊಡುತ್ತೇವೆ ಅನ್ನತೊಡಗಿತು. ಹಾಗೆ ಅನ್ನುತ್ತಲೇ ಪ್ರತಿ ಮನೆಯಿಂದಲೂ ಒಂದು ಹಾಸಿನ ಎರಡು ಸೀರೆಗಳನ್ನು ಒಯ್ದು, ಮೂರನೆಯದು ಮಗ್ಗದ ಮೇಲೆ ಇರುವಾಗಲೇ ಬಾಗಿಲು ಹಾಕಿತು.

ಬಾಗಿಲು ಹಾಕಿದ್ದನ್ನು ಮೊದಲು ಕಂಡವಳು ನಾನೇ. ಬಸ್ ಸ್ಟ್ಯಾಂಡಿನಿಂದ ಕಚೇರಿಗೆ ಹೋಗುವ ದಾರಿಯಲ್ಲೇ ಕಂಪನಿಯ ಬೋರ್ಡು ಇತ್ತು. ಬೀಗದ ಮೇಲೆ ಅರಗಿನ ಮುದ್ರೆ, ಬಾಗಿಲಿಗೆ ಅಂಟಿಸಿದ ಕಾಗದ. ಬ್ಯಾಂಕು ಕಂಪನಿಗೆ ಸಾಲ ಕೊಟ್ಟಿತ್ತು. ಕಟ್ಟಡ, ಗೋದಾಮು, ರೇಷ್ಮೆ, ಜರಿ, ನೇಯ್ದ ಸೀರೆ, ನೇಯಬೇಕಾದ ಸೀರೆ, ಎಲ್ಲದರ ಮೇಲೂ ಕೊಟ್ಟಿತ್ತು. ಕಂಪನಿಗೆ ಸಾಲ ತೀರಿಸಲು ಆಗಲಿಲ್ಲ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ ಒಬ್ಬ ಕಮಿಷನರನ್ನು ನೇಮಿಸಿ, ಕಂಪನಿಯ ಸರಕು ಎಲ್ಲೆಲ್ಲಿ ಇದೆಯೋ ಅಲ್ಲಿಂದ ವಶಕ್ಕೆ ತಗೋ ಎಂದಿತ್ತು. ಕಂಪನಿಯ ಪುಸ್ತಕದಲ್ಲಿ ಯಾವ ಹಾಸು ಯಾವ ಮನೆಯಲ್ಲಿದೆ ಎಂದು ಬರೆದಿತ್ತಲ್ಲ, ಆ ಪುಸ್ತಕ ಹಿಡಿದುಕೊಂಡು ಜೀಪು ನಮ್ಮ ಬೀದಿಗೆ ಬಂತು.

ಕಮಿಷನರ್ ಕೆಟ್ಟವರಲ್ಲ. ಬೆಂಗಳೂರಿನ ವಕೀಲರು, ತೆಳ್ಳಗೆ, ನಮ್ಮ ಕಿರಿದಾದ ಬಾಗಿಲುಗಳಲ್ಲಿ ತಲೆ ಬಗ್ಗಿಸಿ ಬರುತ್ತಿದ್ದರು. ಜೊತೆಗೆ ಬಂದಿದ್ದ ಬ್ಯಾಂಕಿನವನು ಮಗ್ಗದಲ್ಲಿದ್ದಷ್ಟನ್ನು ಕತ್ತರಿಸಿ ಕೊಡಿ ಅಂದ. ಅರ್ಧ ನೇಯ್ದ ಸೀರೆಗೆ ಕತ್ತರಿ ಹಾಕುವುದು ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವ್ವ ಕಂಡಿಕೆ ಕೆಳಗಿಟ್ಟು ಎದ್ದು ಒಳಗೆ ಹೋಗಿಬಿಟ್ಟಳು. ಅವಳ ಮುಖ ನೋಡಿದ ಕಮಿಷನರ್, ಮೂರು ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಏನು ಮಾಡಬೇಕೆಂದು ನೀವೇ ತೀರ್ಮಾನಿಸಿಕೊಳ್ಳಿ ಎಂದು ಹೇಳಿ ಹೋದರು.

ಅವತ್ತು ಸಂಜೆ ನಮ್ಮ ಜಗಲಿಯ ಮೇಲೆ ಎಲ್ಲ ಸೇರಿದರು. ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಸೀರೆ ಮುಗಿದು ಮಗ್ಗದಿಂದ ಇಳಿದ ಮೇಲೆ ನೇಯ್ದವರ ಮನೆಯಲ್ಲಿ ಅದು ರಾತ್ರಿ ಕಳೆಯಬಾರದು. ಮನೆಯ ಹೆಂಗಸು ಸೀರೆಯ ಮಡಿಕೆಯ ಮೇಲೆ ಅರಿಸಿನ ಕುಂಕುಮ ಮುಟ್ಟಿಸಿ, ದೀಪ ಹಚ್ಚುವ ಮುಂಚೆ ಹೊರಗೆ ಕಳಿಸಿಬಿಡಬೇಕು. ಅದು ಯಾರದೋ ಮದುವೆಯ ಸೀರೆ, ನಮ್ಮ ಮನೆಯಲ್ಲಿ ಉಳಿದರೆ ನಮಗೂ ಒಳ್ಳೆಯದಲ್ಲ, ಉಡುವವಳಿಗೂ ಒಳ್ಳೆಯದಲ್ಲ. ಚಿಕ್ಕವಳಿದ್ದಾಗ ಇದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಪಕ್ಕದ ಮನೆಯಿಂದ ಸಾಲ ತಂದ ಬಟ್ಟಲನ್ನು ಇಟ್ಟುಕೊಂಡರೂ ನಿದ್ದೆ ಬರುತ್ತಿರಲಿಲ್ಲ. ಅಪ್ಪ ಆ ಪದ್ಧತಿಯನ್ನೇ ಹಿಡಿದು ಮಾತಾಡಿದ. ಸೀರೆಯನ್ನು ಪೂರ್ತಿ ಮಾಡೋಣ, ಮಜೂರಿ ಇಲ್ಲದಿದ್ದರೂ ಸರಿ, ಕಮಿಷನರ್ ಬಂದ ದಿನವೇ ಮಗ್ಗದಿಂದ ಇಳಿಸಿ, ಮಡಿಸಿ ಕೈಗೆ ಕೊಡೋಣ, ನಮ್ಮ ಮಜೂರಿಯನ್ನು ಕೋರ್ಟು ಕೊಡಿಸಿಯೇ ಕೊಡಿಸುತ್ತದೆ ಎಂದ.

"ರೇಷ್ಮೆ ನಮ್ದಲ್ಲ," ಎಂದ ಅಪ್ಪ. "ಮಜೂರಿ ಬರ್ಲಿ ಬಿಡ್ಲಿ, ಮಂದಿ ರೇಷ್ಮೆ ನಮ್ಮನೇಲಿ ಇರಬಾರ್ದು."

ಎಲ್ಲರೂ ತಲೆಯಾಡಿಸಿದರು, ಒಬ್ಬ ಚಿಕ್ಕಪ್ಪನನ್ನು ಬಿಟ್ಟು. ಚಿಕ್ಕಪ್ಪ ಎಂದರೆ ಅವ್ವನ ತಂಗಿಯ ಗಂಡ, ಎದುರು ಮನೆಯವನು. ಬಾಯಿ ಜೋರು, ಇಸ್ಪೀಟಿನ ಚಟ, ಬೀದಿಯಲ್ಲಿ ಅವನಿಗೆ ಅಂಥ ಮರ್ಯಾದೆಯೇನೂ ಇರಲಿಲ್ಲ.

"ರೇಷ್ಮೆ ಅವ್ರದ್ದೇ ಇರ್ಲಿ ಅಣ್ಣಯ್ಯ, ನೇಯ್ದಿರೋ ಕೈ ಯಾರ್ದು?" ಎಂದ ಅವನು. "ಮೂರು ಸೀರೆ ಮಜೂರಿ ಕೊಟ್ಟು ಈ ಸೀರೆ ಒಯ್ಲಿ. ಅಲ್ಲೀತನಕ ನನ್ ಮಗ್ಗದ ಮೇಲೇ ಐತೆ ಅದು."

ಅಪ್ಪ ಅವನಿಗೆ ಅವತ್ತು ಅಂದ ಮಾತುಗಳನ್ನು ಬರೆಯಲು ಇಷ್ಟವಿಲ್ಲ. ಕಳ್ಳ ಎಂಬುದು ಅವುಗಳಲ್ಲಿ ಸಣ್ಣದು. ಚಿಕ್ಕಪ್ಪ ಟವೆಲು ಕೊಡವಿಕೊಂಡು ಎದ್ದುಹೋದ. ನಾನು ಬಾಗಿಲಲ್ಲಿ ನಿಂತು ಅಪ್ಪನ ಬಗ್ಗೆ ಹೆಮ್ಮೆಪಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಮೂರು ವಾರ ಬೀದಿಯಲ್ಲಿ ಲಾಳಿಯ ಸದ್ದು ನಿಲ್ಲಲಿಲ್ಲ. ಕೂಲಿಯಿಲ್ಲದ ಕೆಲಸಕ್ಕೆ ಅಷ್ಟು ಶ್ರದ್ಧೆಯಿಂದ ಕೂತಿದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಸೆರಗಿನ ಜರಿಯಲ್ಲಿ ಒಂದು ಎಳೆ ತಪ್ಪಿದರೂ ಬಿಚ್ಚಿ ನೇಯ್ದರು. ಒಪ್ಪಿಸುವ ಹಿಂದಿನ ಭಾನುವಾರ ಅಪ್ಪ ನನ್ನನ್ನು ಕೂರಿಸಿ, ಮನೆವಾರು ಒಂದು ಪಟ್ಟಿ ಬರಿ ಎಂದ. ಬರೀ ಪಟ್ಟಿ ಸಾಲದು, ಯಾರ ಬಲವಂತವೂ ಇಲ್ಲದೆ, ಮಜೂರಿ ಬರಬೇಕಾಗಿದ್ದರೂ ಕೊಟ್ಟೆವು ಅನ್ನುವುದು ಅದರಲ್ಲಿ ಬರಬೇಕು ಎಂದ. ಅದನ್ನು ಕಚೇರಿಯ ಕನ್ನಡಕ್ಕೆ ತಂದವಳು ನಾನು. ದಿನಾ ಅಫಿಡವಿಟ್ಟು ಟೈಪ್ ಮಾಡುತ್ತಿದ್ದವಳಿಗೆ ಕೈ ತಾನಾಗಿ ಓಡಿತು: "ಮಜೂರಿ ಬಾಕಿ ಇದ್ದಾಗ್ಯೂ, ಸೀರೆಯನ್ನು ಸ್ವಇಚ್ಛೆಯಿಂದ, ಯಾವುದೇ ಷರತ್ತಿಲ್ಲದೆ ಒಪ್ಪಿಸಿದ್ದೇವೆ." ಷರತ್ತಿಲ್ಲದೆ ಅನ್ನುವುದನ್ನು ಅಪ್ಪ ಹೇಳಿರಲಿಲ್ಲ. ವಾಕ್ಯಕ್ಕೆ ತೂಕ ಬರಲಿ ಎಂದು ನಾನೇ ಸೇರಿಸಿದ್ದೆ. ಇಪ್ಪತ್ತೆರಡು ಮನೆಗಳ ಕೆಳಗೆ ಒಂದು ಗೆರೆ ಎಳೆದು, ಇಪ್ಪತ್ತಮೂರನೆಯದಾಗಿ ಚಿಕ್ಕಪ್ಪನ ಮನೆ ಹಾಕಿ, ಕೆಂಪು ಶಾಯಿಯಲ್ಲಿ ಬರೆದೆ: "ಮಜೂರಿ ಕೈಗೆ ಬರುವವರೆಗೆ ಸೀರೆ ಕೊಡುವುದಿಲ್ಲವೆಂದು ನಿರಾಕರಿಸಿದ್ದಾರೆ." ಅವನ ಮಾನ ಕಳೆಯಬೇಕೆಂದೇ ಕೆಂಪು ಶಾಯಿ ಹುಡುಕಿ ತಂದಿದ್ದೆ.

ಕಮಿಷನರ್ ಬಂದ ದಿನ ಹೆಂಗಸರು ಸೀರೆಗಳಿಗೆ ಕುಂಕುಮ ಮುಟ್ಟಿಸಿ ತಂದು ನಮ್ಮ ಜಗಲಿಯ ಮೇಲೆ ಜೋಡಿಸಿದರು. ಕಮಿಷನರ್ ಪಟ್ಟಿಯನ್ನು ಓದಿದರು. ಸ್ವಇಚ್ಛೆಯಿಂದ ಅನ್ನುವಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಈ ಸಾಲು ಬೇಕೇನಮ್ಮ? ಸೀರೆ ಕೊಟ್ಟಿದ್ದಾರೆ ಅಂತಷ್ಟೇ ಇದ್ದರೂ ನಡೆಯುತ್ತೆ."

ಬೇಕು ಸರ್, ನಮ್ಮವರು ಎಂಥವರು ಅಂತ ಮೇಲಿನವರಿಗೆ ಗೊತ್ತಾಗಲಿ ಎಂದೆ. ಅವರು ಇನ್ನೇನೋ ಹೇಳುವವರಿದ್ದರು. ಪಕ್ಕದಲ್ಲಿ ಬ್ಯಾಂಕಿನವನು ನಿಂತಿದ್ದ. ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ಆಮೇಲೆ ಎದುರು ಮನೆಗೆ ಹೋಗಿ, ಚಿಕ್ಕಪ್ಪನ ಮಗ್ಗದ ಮೇಲಿದ್ದ ಸೀರೆಯನ್ನು ನೋಡಿ, ಇದನ್ನು ಇಲ್ಲೇ ಬಿಟ್ಟಿದೆ ಎಂದು ಬರೆದುಕೊಂಡು ಹೊರಟರು.

ಎರಡು ವಾರದ ಮೇಲೆ, ಕಚೇರಿಯಲ್ಲಿ ಕೆಲಸ ಕಡಿಮೆಯಿದ್ದ ಒಂದು ಮಧ್ಯಾಹ್ನ, ಈ ಕತೆಯನ್ನು ನಮ್ಮ ವಕೀಲರಿಗೆ ದೊಡ್ಡದು ಮಾಡಿಕೊಂಡು ಹೇಳಿದೆ. ಪಟ್ಟಿಯ ನಕಲನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದರ್ಜಿಗೆ ಬಟ್ಟೆ ಕೊಡ್ತೀಯ, ಅವನು ಹೊಲೀತಾನೆ, ಹೊಲಿಗೆ ದುಡ್ಡು ಕೊಡೋ ತನಕ ಅಂಗಿ ಹಿಡ್ಕೊಂಡು ಕೂರೋ ಹಕ್ಕು ಅವನಿಗೆ ಕಾನೂನೇ ಕೊಟ್ಟಿದೆ ಎಂದರು. ಬಟ್ಟೆ ನಿಂದೇ ಆದರೂ, ಆ ಬಟ್ಟೆ ಮೇಲೆ ಯಾರೇ ಸಾಲ ಕೊಟ್ಟಿದ್ದರೂ ಸರಿ, ಅವನ ದುಡ್ಡು ಮೊದಲು. ಆದರೆ ಅಂಗಿ ಕೈಬಿಟ್ಟರೆ ಹಕ್ಕೂ ಅದರ ಜೊತೆಗೇ ಹೋಯಿತು. ಇಷ್ಟು ಹೇಳಿ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದರು. ಅವರ ಕಚೇರಿಯಲ್ಲಿ ಮೂರು ವರ್ಷದಿಂದ ಕೂತಿದ್ದೆ. ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಕಳ್ಳತನ ಮಾಡಲೋ ಬೇಡವೋ ಎಂದು ಯಾರಾದರೂ ವಕೀಲರನ್ನು ಕೇಳುತ್ತಾರೆಯೇ?

ಆಮೇಲೆ ನಮ್ಮ ವಕೀಲರ ಮೂಲಕವೇ ಮಜೂರಿಗಾಗಿ ಅರ್ಜಿ ಹಾಕಿದ್ದಾಯಿತು. ಬೆಂಗಳೂರಿನ ನ್ಯಾಯಮಂಡಳಿ ಎಲ್ಲ ಸೀರೆಯೂ ಬ್ಯಾಂಕಿನದೇ ಎಂದಿತು, ಚಿಕ್ಕಪ್ಪನ ಮಗ್ಗದ ಮೇಲಿದ್ದುದನ್ನೂ ಸೇರಿಸಿ. ಅದರ ಮೇಲೆ ಚೆನ್ನೈನಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಗೆ ಹೋದೆವು. ಇಪ್ಪತ್ತಮೂರು ಮನೆಯದೂ ಒಂದೇ ಕಟ್ಟಿನಲ್ಲಿ ಹೋಯಿತು, ಚಿಕ್ಕಪ್ಪನನ್ನು ಬೇರೆ ಮಾಡಲು ವಕೀಲರು ಒಪ್ಪಲಿಲ್ಲ. ಒಂದೂವರೆ ವರ್ಷ ಕಾದೆವು. ಬೀದಿಯವರು ಕಾಯುತ್ತಿದ್ದುದು ಮಜೂರಿಗೆ. ಅಪ್ಪ ಕಾಯುತ್ತಿದ್ದುದು, ತಾನು ಹೇಳಿಕೊಟ್ಟಿದ್ದು ತಪ್ಪಾಗಲಿಲ್ಲ ಅನ್ನುವ ಒಂದು ಮಾತಿಗೆ. ಅವನು ಪ್ರತಿ ಸಂಜೆ ನಾನು ಬಸ್ಸಿಳಿದು ಬರುವುದನ್ನೇ ನೋಡುತ್ತಿದ್ದ, ಬಾಯಿಬಿಟ್ಟು ಮಾತ್ರ ಕೇಳುತ್ತಿರಲಿಲ್ಲ. ವಕೀಲರು ಹೇಳಿದ ದರ್ಜಿಯ ಕತೆಯನ್ನು ನಾನು ಅವನಿಗೆ ಹೇಳಲೇ ಇಲ್ಲ. ಮೇಲಿನವರು ಇನ್ನೊಂದು ರೀತಿ ನೋಡಬಹುದು ಎಂದು ಆಸೆ ಇಟ್ಟುಕೊಂಡಿದ್ದೆ. ಹೇಡಿತನಕ್ಕೆ ಆಸೆ ಅನ್ನುವ ಹೆಸರು ಚೆನ್ನಾಗಿ ಒಪ್ಪುತ್ತದೆ.

ಚಿಕ್ಕಪ್ಪನ ಮಗ್ಗ ಆ ಒಂದೂವರೆ ವರ್ಷವೂ ನಿಂತೇ ಇತ್ತು. ಸೀರೆ ಇಳಿಸದೆ ಬೇರೆ ಹಾಸು ಹೂಡುವ ಹಾಗಿರಲಿಲ್ಲ. ಅದರ ಮೇಲೆ ಹಳೆಯ ದುಪ್ಪಟಿ ಹೊದಿಸಿ, ಅವನು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಮೂಟೆ ಹೊರಲು ಬರುತ್ತಿದ್ದ, ನನ್ನದೇ ಬಸ್ಸಿನಲ್ಲಿ. ನಾನು ಮುಂದೆ, ಅವನು ಹಿಂದೆ. ಮಾತಿಲ್ಲ. ಬೀದಿಯಲ್ಲಿ ಚಿಕ್ಕಮ್ಮನನ್ನು ಅರಿಸಿನ ಕುಂಕುಮಕ್ಕೆ ಕರೆಯುವುದು ಬಿಟ್ಟಿದ್ದರು. ಒಡಹುಟ್ಟಿದ ಅವ್ವನೂ ಬಿಟ್ಟಿದ್ದಳು.

ತೀರ್ಪಿನ ನಕಲು ಕಚೇರಿಗೆ ಅಂಚೆಯಲ್ಲಿ ಬಂತು. ನಾನೇ ಲಕೋಟೆ ಬಿಚ್ಚಿದೆ. ಇಂಗ್ಲಿಷಿನಲ್ಲಿತ್ತು, ಆದರೆ ನನ್ನ ವಾಕ್ಯಗಳು ಅಲ್ಲಿವೆ ಎಂದು ಕಂಡುಹಿಡಿಯಲು ಹೊತ್ತು ಹಿಡಿಯಲಿಲ್ಲ. ಎರಡನ್ನೂ ಅನುವಾದಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರು. ಇಪ್ಪತ್ತಮೂರನೆಯ ಅರ್ಜಿದಾರ ಮಜೂರಿ ಕೈಗೆ ಬರುವವರೆಗೆ ಸೀರೆ ಬಿಡುವುದಿಲ್ಲವೆಂದು ಅಂದೇ ಹೇಳಿದ್ದಾನೆ, ಪಟ್ಟಿಯಲ್ಲೇ ಅದು ದಾಖಲಾಗಿದೆ, ಆದ್ದರಿಂದ ಆ ಹಾಸಿನ ಮೂರು ಸೀರೆಗಳ ಮಜೂರಿಯನ್ನು ಬ್ಯಾಂಕಿಗಿಂತ ಮೊದಲು ಅವನಿಗೆ ಕೊಡತಕ್ಕದ್ದು. ಉಳಿದ ಇಪ್ಪತ್ತೆರಡು ಜನ, ಬಾಕಿ ಇದೆಯೆಂದು ಗೊತ್ತಿದ್ದೇ, ಸ್ವಇಚ್ಛೆಯಿಂದ, ಷರತ್ತಿಲ್ಲದೆ ಕೊಟ್ಟಿದ್ದಾರೆ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು, ಆದರೆ ಹಕ್ಕು ಉಳಿದಿಲ್ಲ. ಕಂಪನಿಯನ್ನು ಮುಚ್ಚುವಾಗ ಬರುವ ಅಧಿಕಾರಿಯ ಮುಂದೆ, ಆಧಾರವಿಲ್ಲದೆ ಸಾಲ ಕೊಟ್ಟವರ ಜೊತೆ, ಅವರು ಅರ್ಜಿ ಹಾಕಿಕೊಳ್ಳಬಹುದು. ಅಂದರೆ ಸಾಲಿನ ತುದಿಗೆ ಹೋಗಿ ನಿಲ್ಲಿ ಎಂದರ್ಥ. ಆ ಸಾಲು ನಮ್ಮ ತನಕ ಎಂದೂ ಬರಲಿಲ್ಲ. ತೀರ್ಪು ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಸರಿಯಾಗಿತ್ತು, ಅದೇ ನನ್ನ ಸಂಕಟ.

ಜಗಲಿಯ ಮೇಲೆ ಎಲ್ಲರ ಮುಂದೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೆಚ್ಚತಕ್ಕದ್ದು ಅನ್ನುವ ಮಾತು ಬಂದಾಗ ಅಪ್ಪ ತಲೆ ಎತ್ತಿದ. ಆದರೆ ಅನ್ನುವುದು ಬಂದ ಮೇಲೆ ಮತ್ತೆ ತಲೆ ತಗ್ಗಿಸಿದ. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಅಪ್ಪನ ಹತ್ತಿರ ಕೂತು, ಕಮಿಷನರ್ ಆವತ್ತು ಆ ಸಾಲು ಬೇಕೇ ಎಂದು ಕೇಳಿದ್ದನ್ನೂ, ಷರತ್ತಿಲ್ಲದೆ ಅನ್ನುವುದನ್ನು ನಾನೇ ಸೇರಿಸಿದ್ದನ್ನೂ, ದರ್ಜಿಯ ಕತೆಯನ್ನೂ ಹೇಳಿಬಿಟ್ಟೆ. ಅವನು ಎದುರು ಮನೆಯ ಬಾಗಿಲನ್ನೇ ನೋಡುತ್ತಿದ್ದ.

"ನೀನು ಬರ್ದಿದ್ದು ಸುಳ್ಳೇನಲ್ಲವಲ್ಲಮ್ಮ," ಎಂದ.

ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಚಿಕ್ಕಪ್ಪನಿಗೆ ಮಜೂರಿ ಬಂತು. ಅವನು ಉಳಿದ ಗೇಣುದ್ದವನ್ನು ನೇಯ್ದು ಮುಗಿಸಿ, ಸೀರೆ ಇಳಿಸಿ, ಚಿಕ್ಕಮ್ಮನ ಕೈಯಲ್ಲಿ ಕುಂಕುಮ ಮುಟ್ಟಿಸಿಯೇ ಕೊಟ್ಟ. ಅವ್ವ ಅವತ್ತು ಬಾಗಿಲಿಗೆ ಬಂದು ನಿಂತಿದ್ದಳು, ಎದುರು ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಗೆದ್ದೆ ಎಂದು ಅವನು ಒಂದು ದಿನವೂ ಮೀಸೆ ತಿರುವಲಿಲ್ಲ. ಅವನ ನಾಲಗೆ ಗೊತ್ತಿದ್ದ ನಮಗೆ ಅದೇ ಹೆಚ್ಚು ಚುಚ್ಚಿತು.

ಕತೆ ಇಲ್ಲಿಗೆ ಮುಗಿದಿದ್ದರೆ, ಒಬ್ಬನಿಗಾದರೂ ನ್ಯಾಯ ಸಿಕ್ಕಿತು ಎಂದುಕೊಂಡು ಸುಮ್ಮನಿರುತ್ತಿದ್ದೆ. ಮಗ್ಗ ಖಾಲಿಯಾದ ಮೇಲೆ ಚಿಕ್ಕಪ್ಪ ಊರಿನ ಸಾಹುಕಾರರ ಹತ್ತಿರ ಹಾಸು ಕೇಳಲು ಹೋದ. ಒಬ್ಬರೂ ಕೊಡಲಿಲ್ಲ. ಬೈದು ಕಳಿಸಲಿಲ್ಲ, ಕೂರಿಸಿ ಟೀ ಕೊಟ್ಟು ಕಳಿಸಿದರು. ಕೊನೆಗೆ ಅಪ್ಪ ತಾನೇ ಹೋಗಿ ಅವನ ಪರವಾಗಿ ಕೇಳಿದ. ಸಾಹುಕಾರ ನಕ್ಕು, ನಿನಗೆ ಬೇಕಾದರೆ ಇನ್ನೊಂದು ಹಾಸು ಕೊಡುತ್ತೇನೆ, ಕಾನೂನು ತಿಳಿದವನ ಮನೆಗೆ ನನ್ನ ರೇಷ್ಮೆ ಕಳಿಸುವುದಿಲ್ಲ ಎಂದನಂತೆ. ಮೇಲ್ಮನವಿ ಮಂಡಳಿ ಮೆಚ್ಚಿದ ಪ್ರಾಮಾಣಿಕತೆಯನ್ನು ಸಾಹುಕಾರನೂ ಮೆಚ್ಚಿದ್ದ. ಯಾಕೆ ಮೆಚ್ಚುತ್ತಾರೆ ಎಂಬುದು ಅಪ್ಪನಿಗೆ ಅವತ್ತು ಅರ್ಥವಾಗಿರಬೇಕು. ಮನೆಗೆ ಬಂದವನು ಊಟ ಬೇಡವೆಂದು ಮಲಗಿಬಿಟ್ಟ.

ಮರುವಾರ ಅದೇ ಸಾಹುಕಾರ ಚಳ್ಳಕೆರೆಗೆ, ನಮ್ಮ ಕಚೇರಿಗೆ ಬಂದ. ನೇಕಾರರಿಂದ ಹಾಸು ಕೊಡುವ ಮುಂಚೆಯೇ ಬರೆಸಿಕೊಳ್ಳಲು ಒಂದು ಗಟ್ಟಿಯಾದ ಚೀಟಿ ಬೇಕು, ಅಚ್ಚು ಹಾಕಿಸುತ್ತೇನೆ ಎಂದ. ವಕೀಲರು ತೀರ್ಪಿನ ಕಡತ ತರಿಸಿ, ನನ್ನ ಪಟ್ಟಿಯ ನಕಲನ್ನು ಹೊರತೆಗೆದು, ಇದಕ್ಕಿಂತ ಗಟ್ಟಿ ವಾಕ್ಯ ನಾನು ಬರೆಯಲಾರೆ, ಮೇಲಿನವರೇ ಒಪ್ಪಿದ್ದಾರೆ, ಹಾಗೇ ಟೈಪ್ ಮಾಡಮ್ಮ ಎಂದರು. ಅವರಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ, ಕಕ್ಷಿದಾರನಿಗೆ ಒಳ್ಳೆಯ ಕೆಲಸ ಮಾಡಿಕೊಡುವುದಷ್ಟೇ ಇತ್ತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮನೆಗೆ ಆಗ ಖಾತ್ರಿಯಾಗಿ ಬರುತ್ತಿದ್ದುದು ನನ್ನ ಸಂಬಳ ಒಂದೇ. 'ಒಪ್ಪಿಸಿದ್ದೇವೆ' ಇದ್ದುದನ್ನು 'ಒಪ್ಪಿಸುತ್ತೇನೆ' ಎಂದು ಮಾಡಿ ಟೈಪ್ ಮಾಡಿಕೊಟ್ಟೆ. ಒಂದೂ ತಪ್ಪಿರಲಿಲ್ಲ.

ಒಂದೆರಡು ತಿಂಗಳಲ್ಲಿ ಊರಿನ ಸಾಹುಕಾರರೆಲ್ಲ ಅದೇ ಚೀಟಿ ಇಟ್ಟುಕೊಂಡರು. ರುಜು ಹಾಕಿದವರಿಗೆ ಹಾಸು, ಇಲ್ಲದವರಿಗೆ ಇಲ್ಲ. ಬೀದಿಯವರು ಹಾಕಿದರು. ಅಪ್ಪ ಓದದೆಯೇ ಹಾಕಿದ. ಸೀರೆಗಳು ಮೊದಲಿನ ಹಾಗೇ ದೀಪ ಹಚ್ಚುವ ಮುಂಚೆ ಮನೆಯಿಂದ ಹೊರಗೆ ಹೋಗುತ್ತಿದ್ದವು. ಈಗ ಅದು ಪದ್ಧತಿಯಾಗಿ ಉಳಿದಿರಲಿಲ್ಲ, ಚೀಟಿಯ ಕರಾರಾಗಿತ್ತು.

ಚಿಕ್ಕಪ್ಪ ಇನ್ನೊಂದು ವರ್ಷ ಮೂಟೆ ಹೊತ್ತ. ಬೆನ್ನು ನೋವು ಹೆಚ್ಚಾಗಿ ಮಿಲ್ಲಿಗೆ ಹೋಗಲಾಗದೆ ಹೋದಾಗ, ಸಾಹುಕಾರನೇ ಕರೆದು ಚೀಟಿ ಕೊಟ್ಟನಂತೆ. ಒಂದು ಭಾನುವಾರ ಬೆಳಿಗ್ಗೆ ಅವನು ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಆ ಸಂಜೆಯ ಜಗಳದ ಮೇಲೆ ನಮ್ಮ ಜಗಲಿ ಹತ್ತಿದ್ದು ಅದೇ ಮೊದಲು. ಅಪ್ಪ ಎದ್ದು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಚಿಕ್ಕಪ್ಪನಿಗೆ ಕನ್ನಡ ಓದಲು ಬರುತ್ತಿತ್ತು, ಆದರೂ ಚೀಟಿಯನ್ನು ನನ್ನ ಕೈಗೆ ಕೊಟ್ಟ.

"ಓದಮ್ಮಾಯಿ. ಸ್ವಲ್ಪ ಜೋರಾಗಿ ಓದು, ನಿಮ್ಮಪ್ಪಂಗೂ ಕೇಳ್ಲಿ."

ಓದಿದೆ. ಮಜೂರಿ ಬಾಕಿ ಇದ್ದಾಗ್ಯೂ, ಸೀರೆಯನ್ನು ಸ್ವಇಚ್ಛೆಯಿಂದ, ಯಾವುದೇ ಷರತ್ತಿಲ್ಲದೆ ಒಪ್ಪಿಸುತ್ತೇನೆ. ಓದಿ ಮುಗಿಸಿದಾಗ ಅವನು ನಗುತ್ತಿದ್ದ. ಆ ನಗುವಿನಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ.

"ಚೆನ್ನಾಗಿ ಬರ್ದಿದ್ದೀಯ," ಎಂದ. "ರುಜು ಎಲ್ಲಿ ಹಾಕ್ಬೇಕು?"

ನಾನು ಬೆರಳಿಟ್ಟು ತೋರಿಸಿದೆ.